ಮಹಿಳೆ, ಮುಪ್ಪು ಮತ್ತು ಸೌಂದರ್ಯ ಚಿಕಿತ್ಸೆಯ ಒತ್ತಡ

ವಯಸ್ಸಾದ ಗುರುತುಗಳು ಮುಖ, ಕತ್ತು, ಕೂದಲುಗಳಲ್ಲಿ ಕಾಣದಂತೆ ನೋಡಿಕೊಳ್ಳಬೇಕೆಂದು ಕುಟುಂಬ, ಉದ್ಯೋಗ ಮತ್ತು ಮಾರುಕಟ್ಟೆಗಳು ಮಹಿಳೆಯರಿಂದ ನಿರೀಕ್ಷಿಸುತ್ತ ಬಂದಿವೆ. ಆ ನಿರೀಕ್ಷೆಯನ್ನು ಪೂರೈಸುವ ಸಾಧನಗಳಾಗಿ 20ನೆಯ ಶತಮಾನದ ಆರಂಭದಿಂದ ಹಲವು ವೈದ್ಯಕೀಯ ವಿಧಾನಗಳು ಬೆಳೆದಿವೆ. ಇವೆರಡರ ಸಂಬಂಧವು ಸ್ತ್ರೀ ಅಧ್ಯಯನ, ಸಮಾಜಶಾಸ್ತ್ರ, ವೈದ್ಯಕೀಯ ನೀತಿ ಮತ್ತು ಕಾರ್ಮಿಕ ಕಾನೂನುಗಳ ಗಮನವನ್ನು ಒಟ್ಟಿಗೇ ಬೇಡುವ ವಿಷಯವಾಗಿದೆ. ರೋಗವನ್ನು ಗುಣಪಡಿಸುವುದಕ್ಕಾಗಲಿ, ಗಾಯ, ಸುಟ್ಟ ಕಲೆ ಅಥವಾ ಹುಟ್ಟಿನಿಂದ ಬಂದ ನ್ಯೂನತೆಗಳನ್ನು ಸರಿಪಡಿಸುವುದಕ್ಕಾಗಲಿ ಅಲ್ಲದೆ, ಆರೋಗ್ಯವಾಗಿಯೇ ಇರುವ ಅಂಗದ ನೋಟವನ್ನು ಮಾರ್ಪಡಿಸಲು ಮಾಡುವ ಚಿಕಿತ್ಸೆಯನ್ನು ಸೌಂದರ್ಯ ಚಿಕಿತ್ಸೆ ಎನ್ನುತ್ತಾರೆ. ಇದರಲ್ಲಿ ಮುಖದ ಚರ್ಮವನ್ನು ಎಳೆದು ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ, ರೆಪ್ಪೆಯ ಶಸ್ತ್ರಚಿಕಿತ್ಸೆ, ಕೊಬ್ಬು ತೆಗೆಯುವಿಕೆ ಮುಂತಾದ ಶಸ್ತ್ರಕ್ರಿಯೆಗಳೂ, ಬೊಟಾಕ್ಸ್ ಮತ್ತು ಫಿಲ್ಲರ್ ಚುಚ್ಚುಮದ್ದು, ಲೇಸರ್, ರಾಸಾಯನಿಕ ಲೇಪನದಿಂದ ಚರ್ಮದ ಮೇಲ್ಪದರ ಸುಲಿಯುವಿಕೆ ಮುಂತಾದ ಶಸ್ತ್ರವಿಲ್ಲದ ಕ್ರಿಯೆಗಳೂ ಸೇರುತ್ತವೆ. ಸೌಂದರ್ಯ ಶಸ್ತ್ರವೈದ್ಯರ ಅಂತಾರಾಷ್ಟ್ರೀಯ ಸಂಘವಾದ ಐಸಾಪ್ಸ್ 2023ನೆಯ ವರ್ಷಕ್ಕೆ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನಾದ್ಯಂತ ಆ ವರ್ಷ ಸುಮಾರು 3.5 ಕೋಟಿ ಸೌಂದರ್ಯ ಚಿಕಿತ್ಸೆಗಳು ನಡೆದವು, ಮತ್ತು ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 85ರಷ್ಟು ಮಂದಿ ಮಹಿಳೆಯರು. ಈ ಚಿಕಿತ್ಸೆಗಳೆಲ್ಲವೂ ಮುಪ್ಪಿಗೆ ಸಂಬಂಧಿಸಿದವಲ್ಲವಾದರೂ ಸುಕ್ಕು, ಜೋಲುವಿಕೆ ಮತ್ತು ಕಣ್ಣಿನ ಸುತ್ತಲಿನ ಚರ್ಮದ ಸಡಿಲಿಕೆಗಳನ್ನು ಮರೆಸುವ ಕ್ರಿಯೆಗಳಿಗೆ ಅವುಗಳಲ್ಲಿ ಬಹುದೊಡ್ಡ ಪಾಲಿದೆ.

ಚಿಕಿತ್ಸೆಗೆ ಒಪ್ಪುವ ಮಹಿಳೆ ತನ್ನ ಸ್ವಂತ ಇಚ್ಛೆಯಿಂದಲೇ ಒಪ್ಪುತ್ತಾಳೆಂಬುದು ಸಾಮಾನ್ಯವಾದ ವಾದ, ಮತ್ತು ಅನೇಕರ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಒಪ್ಪದೆ ಉಳಿದವಳು ಅದಕ್ಕಾಗಿ ಏನನ್ನು ತೆರಬೇಕಾಗುತ್ತದೆ ಎಂಬುದನ್ನು ಬಿಟ್ಟು ಇಚ್ಛೆಯೊಂದನ್ನೇ ಅಳೆಯಲು ಹೊರಟ ವಿವರಣೆ ಅಪೂರ್ಣವಾಗುತ್ತದೆ. ಈ ವಿಷಯದ ಚರಿತ್ರೆಯಲ್ಲಿ ಕನ್ನಡಿಯಷ್ಟೇ ಮುಖ್ಯವಾಗಿ ಸಂಬಳದ ಪಟ್ಟಿಯೂ ಕಾಣಿಸಿಕೊಳ್ಳುತ್ತದೆ.

ಚರ್ಮಕ್ಕೆ ವಯಸ್ಸಾಗುವ ಬಗೆ

ಚರ್ಮದ ಒಳಪದರಕ್ಕೆ ಬಿಗಿತ ಕೊಡುವ ಕೊಲಾಜೆನ್ ಎಂಬ ಪ್ರೋಟೀನು ಮತ್ತು ಎಳೆದರೆ ಹಿಂದಕ್ಕೆ ಸೇರಿಕೊಳ್ಳುವ ಗುಣ ಕೊಡುವ ಎಲಾಸ್ಟಿನ್ ನಾರುಗಳು ಹರೆಯ ಕಳೆದ ಮೇಲೆ ಸ್ತ್ರೀ ಪುರುಷರಿಬ್ಬರಲ್ಲಿಯೂ ನಿಧಾನವಾಗಿ ಕಡಿಮೆಯಾಗುತ್ತವೆ. ಮುಖದ ಕೊಬ್ಬು ಕರಗಿ ಕೆಳಗಿಳಿಯುತ್ತದೆ, ದವಡೆ ಮತ್ತು ಕೆನ್ನೆಯ ಎಲುಬೂ ಸ್ವಲ್ಪ ಸವೆಯುತ್ತದೆ. ಮುಟ್ಟು ನಿಂತ ಬಳಿಕ ಈಸ್ಟ್ರೊಜೆನ್ ಇಳಿಯುವುದರಿಂದ ಮಹಿಳೆಯರಲ್ಲಿ ಈ ಬದಲಾವಣೆಗೆ ವೇಗ ಬರುತ್ತದೆ, ಮತ್ತು ಮೊದಲ 5 ವರ್ಷಗಳಲ್ಲಿ ಚರ್ಮದ ಕೊಲಾಜೆನ್‌ನ ಸುಮಾರು ನೂರಕ್ಕೆ 30 ಭಾಗ ನಷ್ಟವಾಗುತ್ತದೆಂದು ಚರ್ಮಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಬಿಸಿಲು ಮತ್ತು ಹೊಗೆಸೊಪ್ಪು ಈ ಕ್ರಿಯೆಯನ್ನು ಮುಂಚಿತಗೊಳಿಸುತ್ತವೆ. ಭಾರತೀಯರ ಚರ್ಮದಂತೆ ಮೆಲನಿನ್ ವರ್ಣದ್ರವ್ಯ ಹೆಚ್ಚಾಗಿರುವ ಚರ್ಮದಲ್ಲಿ ಸುಕ್ಕುಗಳು ತಡವಾಗಿ ಮೂಡುತ್ತವೆಯಾದರೂ ಬಂಗು ಮತ್ತು ಕಪ್ಪು ಕಲೆಗಳು ಬೇಗ ಕಾಣಿಸಿಕೊಳ್ಳುತ್ತವೆ. ಇಂತಹ ಚರ್ಮಕ್ಕೆ ಲೇಸರ್ ಅಥವಾ ಪ್ರಬಲ ರಾಸಾಯನಿಕ ಲೇಪನವನ್ನು ಅಜಾಗರೂಕತೆಯಿಂದ ಬಳಸಿದರೆ ಉರಿಯೂತದ ನಂತರ ಇನ್ನಷ್ಟು ದಟ್ಟವಾದ ಕಲೆ ಉಳಿಯುವ ಸಂಭವವಿದೆ. ಇವೆಲ್ಲ ಸಹಜವಾದ ದೈಹಿಕ ಬದಲಾವಣೆಗಳು. ಜಾಹೀರಾತುಗಳು ಮತ್ತು ಕೆಲವು ವೈದ್ಯಕೀಯ ಬರಹಗಳು ಇವನ್ನು ‘ತೊಂದರೆ’, ‘ಹಾನಿ’, ‘ತಿದ್ದುಪಡಿ’ ಮೊದಲಾದ ಮಾತುಗಳಲ್ಲಿ ವರ್ಣಿಸತೊಡಗಿದಾಗ ವಯಸ್ಸು ಚಿಕಿತ್ಸೆ ಬೇಡುವ ಸ್ಥಿತಿಯಾಗಿ ಮಾರ್ಪಡುತ್ತದೆ. ಸಮಾಜಶಾಸ್ತ್ರಜ್ಞರು ಇದನ್ನು ವೈದ್ಯಕೀಯೀಕರಣ, ಅಂದರೆ ಬದುಕಿನ ಸಾಮಾನ್ಯ ಘಟ್ಟವೊಂದನ್ನು ಕಾಯಿಲೆಯ ಚೌಕಟ್ಟಿಗೆ ತರುವುದು, ಎಂದು ಕರೆಯುತ್ತಾರೆ.

ಚಿಕಿತ್ಸೆಗಳ ಚರಿತ್ರೆ

ಮರಳಿ ಯೌವನ ಪಡೆಯುವ ಆಸೆ ಪ್ರಾಚೀನವಾದುದು. ಭಾರತೀಯ ಪುರಾಣಗಳಲ್ಲಿ ಅದು ಬಹುಮಟ್ಟಿಗೆ ಪುರುಷರ ಆಸೆಯಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ಗಮನಾರ್ಹ: ಮಗನ ಯೌವನವನ್ನು ಬೇಡಿ ಪಡೆದ ಯಯಾತಿಯೂ, ಅಶ್ವಿನೀ ದೇವತೆಗಳ ಕೃಪೆಯಿಂದ ಹರೆಯಕ್ಕೆ ಮರಳಿದ ಚ್ಯವನ ಋಷಿಯೂ ಭೋಗಸಾಮರ್ಥ್ಯವನ್ನು ಮರಳಿ ಪಡೆದ ಗಂಡಸರು. ಶಸ್ತ್ರಚಿಕಿತ್ಸೆಯ ಕಡೆಯಿಂದ ನೋಡಿದರೆ, ಸುಶ್ರುತ ಸಂಹಿತೆಯಲ್ಲಿ ವರ್ಣಿತವಾದ ಮೂಗಿನ ಮರುರಚನೆಯು ಭಾರತದಲ್ಲಿ ಪರಂಪರೆಯಾಗಿ ಉಳಿದು ಬಂದಿತ್ತು. ಮೈಸೂರಿನ ಟಿಪ್ಪು ಸುಲ್ತಾನನ ಸೆರೆಯಲ್ಲಿದ್ದಾಗ ಮೂಗು ಕಳೆದುಕೊಂಡ, ಬ್ರಿಟಿಷ್ ಸೇನೆಯ ಎತ್ತಿನ ಗಾಡಿಯ ಚಾಲಕ ಕಾವಸ್‌ಜಿಗೆ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ ವರದಿಯನ್ನು 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪ್ರಕಟಿಸಿದ ಮೇಲೆ ಯೂರೋಪಿನ ವೈದ್ಯರು ಆ ವಿಧಾನವನ್ನು ಕಲಿತರು. ಅದು ವಿರೂಪಗೊಂಡ ಮುಖವನ್ನು ಮರಳಿ ಕಟ್ಟುವ ವಿದ್ಯೆಯಾಗಿತ್ತು. ವಿರೂಪವೇ ಇಲ್ಲದ ಮುಖದ ಮೇಲೆ ಅದೇ ಕೌಶಲ ಪ್ರಯೋಗವಾದದ್ದು ಒಂದು ಶತಮಾನದ ನಂತರ.

1899ರ ಸುಮಾರಿಗೆ ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸುನಿ ಚರ್ಮದಡಿಗೆ ಪ್ಯಾರಾಫಿನ್ ಮೇಣವನ್ನು ಚುಚ್ಚುವ ಪದ್ಧತಿಯನ್ನು ಪ್ರಚಾರಕ್ಕೆ ತಂದನು. ಸುಕ್ಕು ತುಂಬಲು, ಮೂಗು ನೆಟ್ಟಗಾಗಿಸಲು ಬಳಕೆಯಾದ ಈ ಮೇಣ ಕೆಲವು ವರ್ಷಗಳಲ್ಲಿ ಜಾಗ ಬಿಟ್ಟು ಹರಿದು, ಗಟ್ಟಿ ಗಂಟುಗಳಾಗಿ, ಅನೇಕ ಮಹಿಳೆಯರ ಮುಖವನ್ನು ಶಾಶ್ವತವಾಗಿ ಕೆಡಿಸಿತು. ಬರ್ಲಿನ್ನಿನ ಶಸ್ತ್ರವೈದ್ಯ ಯೂಜೀನ್ ಹೊಲೆಂಡರ್ ತಾನು 1901ರಲ್ಲಿ ಪೋಲಿಷ್ ಶ್ರೀಮಂತ ಮಹಿಳೆಯೊಬ್ಬಳ ಕಿವಿಯ ಮುಂದಿನ ಚರ್ಮವನ್ನು ಕತ್ತರಿಸಿ ಕೆನ್ನೆಯನ್ನು ಎಳೆದು ಹೊಲಿದುದಾಗಿ ಮುಂದೆ ಹೇಳಿಕೊಂಡನು. ಮುಖ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆಯ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಗುರುತಿಸುತ್ತಾರೆ. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರಗೊಂಡ ಸಾವಿರಾರು ಸೈನಿಕರಿಗೆ ಚಿಕಿತ್ಸೆ ನೀಡಿದ ಅನುಭವ ಈ ಶಾಸ್ತ್ರಕ್ಕೆ ವೈಜ್ಞಾನಿಕ ಬುನಾದಿಯನ್ನೂ ಗೌರವವನ್ನೂ ತಂದಿತು, ಮತ್ತು ಯುದ್ಧ ಮುಗಿದ ಮೇಲೆ ಆ ಕೌಶಲ ಕಲಿತ ವೈದ್ಯರಲ್ಲಿ ಹಲವರು ಸೌಂದರ್ಯದ ಕಡೆಗೆ ತಿರುಗಿದರು.

ಆ ಪೀಳಿಗೆಯಲ್ಲಿ ಈ ವಿಷಯಕ್ಕೆ ಅತ್ಯಂತ ಮುಖ್ಯಳಾದವಳು ಪ್ಯಾರಿಸಿನ ಸುಝಾನ್ ನೊಯೆಲ್ (1878–1954). ಯುದ್ಧದ ಗಾಯಾಳುಗಳ ಚಿಕಿತ್ಸೆಯಲ್ಲಿ ಪಳಗಿದ, ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ, ವೃತ್ತಿನಿರತ ಮಹಿಳೆಯರ ಸಂಘಟನೆಯಾದ ಸೊರಾಪ್ಟಿಮಿಸ್ಟ್ ಸಂಘವನ್ನು ಯೂರೋಪಿನಲ್ಲಿ ನೆಲೆಗೊಳಿಸಿದ ಈಕೆ, 1926ರಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಯ ಸಾಮಾಜಿಕ ಪಾತ್ರವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದಳು. ಮುಖದಲ್ಲಿ ವಯಸ್ಸು ಕಂಡಿತೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡ, ಅಥವಾ ಕಳೆದುಕೊಳ್ಳುವ ಭಯದಲ್ಲಿದ್ದ ಮಹಿಳೆಯರು ತನ್ನಲ್ಲಿಗೆ ಬರುತ್ತಾರೆಂದೂ, ಅವರಿಗೆ ಈ ಚಿಕಿತ್ಸೆ ಜೀವನೋಪಾಯದ ರಕ್ಷಣೆಯೆಂದೂ ಆಕೆಯ ನಿಲುವಾಗಿತ್ತು. ಕಾಸಿಲ್ಲದವರಿಗೆ ಆಕೆ ಹಣ ಪಡೆಯದೆ ಚಿಕಿತ್ಸೆ ಮಾಡುತ್ತಿದ್ದುದೂ ಉಂಟು. ಸ್ತ್ರೀವಾದಿಯೊಬ್ಬಳು ಸ್ತ್ರೀಯರ ಮುಖ ಬಿಗಿಗೊಳಿಸಿದುದರಲ್ಲಿ ವಿರೋಧಾಭಾಸವನ್ನು ಕಂಡವರಿದ್ದಾರೆ. ಆದರೆ ಮತದಾನದ ಹಕ್ಕೂ ಇಲ್ಲದ ಕಾಲದಲ್ಲಿ ಮಾಲೀಕನ ಮನಸ್ಸನ್ನು ಬದಲಿಸುವುದಕ್ಕಿಂತ ಕೆಲಸಗಾರ್ತಿಯ ಮುಖವನ್ನು ಬದಲಿಸುವುದು ಆಕೆಯ ಕೈಗೆಟಕುವ ಕೆಲಸವಾಗಿತ್ತೆಂಬುದನ್ನು ಮರೆಯಲಾಗದು. ಒತ್ತಡದ ನಿಜವಾದ ಮೂಲವನ್ನು ಆಕೆ ಸರಿಯಾಗಿಯೇ ಗುರುತಿಸಿದ್ದಳು. ಆ ಮೂಲ ಇಂದಿಗೂ ಬತ್ತಿಲ್ಲ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕಿತ್ಸೆಯ ಸ್ವರೂಪ ಬದಲಾಯಿತು. ಹಸುವಿನ ಕೊಲಾಜೆನ್‌ನಿಂದ ತಯಾರಾದ ಫಿಲ್ಲರ್, ಅಂದರೆ ಚರ್ಮದ ತಗ್ಗುಗಳನ್ನು ತುಂಬುವ ದ್ರವ್ಯ, 1981ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮೋದನೆ ಪಡೆಯಿತು. 2003ರಲ್ಲಿ ಹಯಲುರಾನಿಕ್ ಆಮ್ಲದ ಫಿಲ್ಲರ್ ಬಂದು ಅದರ ಸ್ಥಾನವನ್ನು ಆಕ್ರಮಿಸಿತು. ಇದಕ್ಕಿಂತ ದೊಡ್ಡ ತಿರುವು ತಂದುದು ಕೆಟ್ಟ ಆಹಾರದಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ವಿಷ. ನರದಿಂದ ಸ್ನಾಯುವಿಗೆ ಸಂದೇಶ ಸಾಗದಂತೆ ತಡೆಯುವ ಈ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಮೆಳ್ಳೆಗಣ್ಣು ಮತ್ತು ರೆಪ್ಪೆಯ ಸೆಡೆತಕ್ಕೆ ಔಷಧವಾಗಿ ಬಳಸಲು ಅಮೆರಿಕ 1989ರಲ್ಲಿ ಒಪ್ಪಿಗೆ ನೀಡಿತು. ಕೆನಡಾದ ವ್ಯಾಂಕೂವರಿನ ನೇತ್ರವೈದ್ಯೆ ಜೀನ್ ಕ್ಯಾರುಥರ್ಸ್, ರೆಪ್ಪೆಯ ಸೆಡೆತಕ್ಕೆ ಚುಚ್ಚುಮದ್ದು ಪಡೆದವರ ಹುಬ್ಬಿನ ನಡುವಿನ ಗೆರೆಗಳೂ ಮಾಯವಾಗುವುದನ್ನು ಗಮನಿಸಿ, ಚರ್ಮವೈದ್ಯನಾದ ಪತಿ ಅಲಸ್ಟೇರ್ ಜೊತೆಗೂಡಿ 1992ರಲ್ಲಿ ಪ್ರಬಂಧ ಪ್ರಕಟಿಸಿದಳು. 2002ರಲ್ಲಿ ಹುಬ್ಬುಗಂಟಿನ ಗೆರೆಗಳಿಗೆ ಬೊಟಾಕ್ಸ್ ಎಂಬ ವ್ಯಾಪಾರನಾಮದ ಈ ವಿಷವನ್ನು ಬಳಸಲು ಅಮೆರಿಕದಲ್ಲಿ ಅನುಮತಿ ದೊರೆಯಿತು. ಈ ಚುಚ್ಚುಮದ್ದಿನ ಪರಿಣಾಮ ಸಾಮಾನ್ಯವಾಗಿ 3ರಿಂದ 4 ತಿಂಗಳು ಮಾತ್ರ ಉಳಿಯುತ್ತದೆ. ಜೀವನದಲ್ಲಿ ಒಮ್ಮೆ, ಬಹಳ ಯೋಚಿಸಿ ಮಾಡಿಸಿಕೊಳ್ಳುತ್ತಿದ್ದ ಶಸ್ತ್ರಚಿಕಿತ್ಸೆಯ ಜಾಗದಲ್ಲಿ, ಊಟದ ಬಿಡುವಿನಲ್ಲಿ ಮುಗಿಯುವ, ವರ್ಷಕ್ಕೆ ಮೂರು ನಾಲ್ಕು ಬಾರಿ ಮರಳಬೇಕಾದ ಕ್ರಿಯೆಯೊಂದು ಬಂದು ನಿಂತುದರಿಂದ ಚಿಕಿತ್ಸೆಯು ಕಂತಿನ ಖರ್ಚಾಯಿತು, ಮತ್ತು ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಹಳೆಯ ಮುಖ ಮರಳುವುದರಿಂದ ನಿಲ್ಲಿಸುವುದೇ ಕಷ್ಟವಾಯಿತು. ಗೆರೆ ಮೂಡುವ ಮೊದಲೇ ಚುಚ್ಚಿಸಿಕೊಂಡರೆ ಗೆರೆಯೇ ಬಾರದೆಂಬ ಪ್ರಚಾರದಿಂದ ಇಪ್ಪತ್ತರ ಹರೆಯದವರೂ ಈಗ ಗ್ರಾಹಕರಾಗಿದ್ದಾರೆ.

ಒತ್ತಡದ ನೆಲೆಗಳು

ವಯಸ್ಸಿನ ಕಾರಣಕ್ಕೆ ಮಾಡುವ ತಾರತಮ್ಯಕ್ಕೆ ‘ಏಜಿಸಂ’ ಎಂಬ ಹೆಸರನ್ನು ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ 1969ರಲ್ಲಿ ಕೊಟ್ಟನು. ಆದರೆ ಮಹಿಳೆಯರ ವಿಷಯದಲ್ಲಿ ಅದು ಅದಕ್ಕಿಂತ ಮೊದಲೇ ಲಿಖಿತ ನಿಯಮಗಳ ರೂಪದಲ್ಲಿಯೇ ಇತ್ತು. ಅಮೆರಿಕನ್ ಏರ್‌ಲೈನ್ಸ್ 1953ರಲ್ಲಿ ಗಗನಸಖಿಯರು 32ನೆಯ ವಯಸ್ಸಿಗೆ ಕೆಲಸ ಬಿಡಬೇಕೆಂಬ ನಿಯಮ ತಂದಿತು, ಇತರ ಕಂಪನಿಗಳೂ ಅದನ್ನು ಅನುಸರಿಸಿದವು. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಬಲದಿಂದ ಮಹಿಳೆಯರು ನಡೆಸಿದ ದೀರ್ಘ ಹೋರಾಟದ ಫಲವಾಗಿ 1968ರಲ್ಲಿ ಇಂತಹ ನಿಯಮಗಳು ಕಾನೂನುಬಾಹಿರವೆನಿಸಿದವು. ಭಾರತದಲ್ಲಿ ಏರ್ ಇಂಡಿಯಾದ ಗಗನಸಖಿಯರು 35 ವರ್ಷಕ್ಕೆ, ಅಥವಾ ಸೇವೆಗೆ ಸೇರಿದ 4 ವರ್ಷದೊಳಗೆ ಮದುವೆಯಾದರೆ, ಅಥವಾ ಮೊದಲ ಬಾರಿ ಗರ್ಭಿಣಿಯಾದರೆ ನಿವೃತ್ತರಾಗಬೇಕಿತ್ತು, ಮತ್ತು 35ರ ಮೇಲೆ 45ರವರೆಗೆ ಮುಂದುವರಿಸುವುದು ವ್ಯವಸ್ಥಾಪಕ ನಿರ್ದೇಶಕರ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. ಅದೇ ವಿಮಾನದಲ್ಲಿ ದುಡಿಯುವ ಪುರುಷರಿಗೆ ನಿವೃತ್ತಿಯ ವಯಸ್ಸು 58. ನರ್ಗೀಸ್ ಮಿರ್ಜಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1981ರಲ್ಲಿ ಗರ್ಭಧಾರಣೆಯ ನಿಯಮವನ್ನೂ ನಿರ್ದೇಶಕರ ಅನಿಯಂತ್ರಿತ ಅಧಿಕಾರವನ್ನೂ ರದ್ದುಮಾಡಿತಾದರೂ, ಗಗನಸಖಿಯರದು ಬೇರೆಯೇ ವರ್ಗವೆಂಬ ಕಾರಣ ನೀಡಿ ವಯಸ್ಸಿನ ವ್ಯತ್ಯಾಸವನ್ನು ಎತ್ತಿಹಿಡಿಯಿತು. ಒಂದೇ ಕೆಲಸದಲ್ಲಿರುವ ಹೆಣ್ಣಿಗೆ ಗಂಡಿಗಿಂತ ಬೇಗ ವಯಸ್ಸಾಗುತ್ತದೆಂಬ ನಂಬಿಕೆಗೆ ಇದರಿಂದ ದೊರೆತ ಮಾನ್ಯತೆ ಆ ತೀರ್ಪಿನ ನೋವಿನ ಭಾಗ.

ದೂರದರ್ಶನ ವಾಹಿನಿಗಳು ಇದೇ ನಂಬಿಕೆಯನ್ನು ನಿಯಮವಿಲ್ಲದೆಯೇ ಜಾರಿಗೊಳಿಸಿದವು. ಅಮೆರಿಕದ ಕ್ಯಾನ್ಸಸ್ ಸಿಟಿಯ ವಾರ್ತಾವಾಚಕಿ ಕ್ರಿಸ್ಟೀನ್ ಕ್ರಾಫ್ಟ್ ಅವರನ್ನು 1981ರಲ್ಲಿ, ಅವರಿಗಿನ್ನೂ 36 ವರ್ಷವಿದ್ದಾಗ, ಆ ಸ್ಥಾನದಿಂದ ಕೆಳಗಿಳಿಸಲಾಯಿತು. ವಯಸ್ಸು, ರೂಪ ಮತ್ತು ಪುರುಷರಿಗೆ ತಲೆಬಾಗದ ಸ್ವಭಾವಗಳನ್ನು ಕಾರಣವಾಗಿ ತಮಗೆ ಹೇಳಲಾಯಿತೆಂದು ಅವರು ಹೂಡಿದ ದಾವೆಯನ್ನು ತೀರ್ಪುಗಾರರ ಮಂಡಲಿ ಒಪ್ಪಿದರೂ ಮೇಲಿನ ನ್ಯಾಯಾಲಯ ಪರಿಹಾರವನ್ನು ತಳ್ಳಿಹಾಕಿತು. ಬ್ರಿಟನ್ನಿನ ಬಿಬಿಸಿಯ ಗ್ರಾಮಜೀವನದ ಕಾರ್ಯಕ್ರಮವೊಂದು ಹೆಚ್ಚು ಜನ ನೋಡುವ ಸಮಯಕ್ಕೆ ಸ್ಥಳಾಂತರಗೊಂಡಾಗ ಕೆಲಸ ಕಳೆದುಕೊಂಡ ನಿರೂಪಕಿ ಮಿರಿಯಂ ಓ’ರೈಲಿ, ಚಿತ್ರದ ಸ್ಪಷ್ಟತೆ ಹೆಚ್ಚಲಿದೆ, ಸುಕ್ಕುಗಳ ಬಗ್ಗೆ ಎಚ್ಚರವಿರಲಿ ಎಂದು ತನಗೆ ಮೊದಲೇ ಹೇಳಲಾಗಿತ್ತೆಂದು ಸಾಕ್ಷ್ಯ ನುಡಿದರು. 2011ರ ಜನವರಿಯಲ್ಲಿ ಕಾರ್ಮಿಕ ನ್ಯಾಯಮಂಡಲಿ ವಯಸ್ಸಿನ ತಾರತಮ್ಯ ನಡೆದಿದೆಯೆಂದು ತೀರ್ಪಿತ್ತಿತು, ಆದರೆ ಲಿಂಗ ತಾರತಮ್ಯದ ಆರೋಪವನ್ನು ಒಪ್ಪಲಿಲ್ಲ. ವಯಸ್ಸು ಮತ್ತು ಲಿಂಗಗಳನ್ನು ಬೇರೆ ಬೇರೆ ಖಾನೆಗಳಲ್ಲಿಟ್ಟು ನೋಡುವ ಕಾನೂನಿನ ಕಣ್ಣಿಗೆ ಇವೆರಡೂ ಕೂಡಿದಲ್ಲಿ ಹುಟ್ಟುವ ಅನ್ಯಾಯ ಸುಲಭವಾಗಿ ಕಾಣುವುದಿಲ್ಲ.

ಚಲನಚಿತ್ರರಂಗದ ನಿದರ್ಶನಗಳು ಕನ್ನಡಿಗರಿಗೆ ಪರಿಚಿತವಾದವು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಅವರಿಗೆ ನಾಯಕಿಯಾಗಿದ್ದ ಪಂಡರಿಬಾಯಿ, ಅವರ ಸಮವಯಸ್ಕರೇ ಆಗಿದ್ದರೂ, ಮುಂದೆ ಅವರ ತಾಯಿಯ ಪಾತ್ರಗಳನ್ನು ನಿರ್ವಹಿಸಿದರು, ಹಿಂದಿಯಲ್ಲಿ 1976ರ ‘ಕಭೀ ಕಭೀ’ಯಲ್ಲಿ ಅಮಿತಾಭ್ ಬಚ್ಚನ್ನರ ಪ್ರೇಯಸಿಯಾಗಿದ್ದ, ಅವರಿಗಿಂತ 5 ವರ್ಷ ಚಿಕ್ಕವರಾದ ರಾಖಿ, 1982ರ ‘ಶಕ್ತಿ’ಯಲ್ಲಿ ಅವರ ತಾಯಿಯಾದರು. ನಾಯಕನಟ ಅರುವತ್ತರಲ್ಲಿಯೂ ನಾಯಕನಾಗಿಯೇ ಉಳಿಯುವ, ನಾಯಕಿ ನಲವತ್ತರೊಳಗೆ ಅತ್ತಿಗೆ ಅಥವಾ ತಾಯಿಯಾಗುವ ಈ ವ್ಯವಸ್ಥೆಯಲ್ಲಿ ಚುಚ್ಚುಮದ್ದು ವೃತ್ತಿಯ ಅವಧಿಯನ್ನು ನಾಲ್ಕೈದು ವರ್ಷ ಹಿಗ್ಗಿಸುವ ಉಪಾಯವಾಗಿ ಕಾಣಿಸುತ್ತದೆ. ಹಾಗೆ ಮಾಡಿಸಿಕೊಂಡವರನ್ನು ಕೃತಕವೆಂದು ಹಂಗಿಸುವುದೂ, ಮಾಡಿಸಿಕೊಳ್ಳದವರನ್ನು ‘ವಯಸ್ಸಾಯಿತು’ ಎಂದು ಬದಿಗೆ ಸರಿಸುವುದೂ ಅದೇ ಪ್ರೇಕ್ಷಕವರ್ಗ, ಅದೇ ಪತ್ರಿಕೆಗಳು. ಮಾಡಿಸಿಕೊಂಡದ್ದು ಗೊತ್ತಾಗಬಾರದು, ಆದರೆ ವಯಸ್ಸೂ ಕಾಣಬಾರದು ಎಂಬ ಎರಡು ಕಡೆಯ ಕಟ್ಟಳೆ ಈ ಒತ್ತಡದ ವಿಶಿಷ್ಟ ಲಕ್ಷಣವಾಗಿದೆ.

ಭಾರತೀಯ ಸಮಾಜದಲ್ಲಿ ಈ ಒತ್ತಡ ತೀರ ಹೊಸದೆನ್ನುವಂತಿಲ್ಲ, ಅದರ ದಿಕ್ಕು ಮಾತ್ರ ಬದಲಾಗಿದೆ. ಕರ್ನಾಟಕದ ಬ್ರಾಹ್ಮಣ ಕುಟುಂಬಗಳಲ್ಲಿ ವಿಧವೆಯ ತಲೆ ಬೋಳಿಸಿ, ಹೂವು, ಕುಂಕುಮ, ಬಳೆಗಳನ್ನು ತೆಗೆಸಿ, ಮಡಿಯ ಸೀರೆಯಲ್ಲಿ ಮೂಲೆಗೆ ಕೂರಿಸುತ್ತಿದ್ದ ಪದ್ಧತಿಯನ್ನು ಎಂ. ಕೆ. ಇಂದಿರಾ ಅವರ 1976ರ ಕಾದಂಬರಿ ‘ಫಣಿಯಮ್ಮ’ ದಾಖಲಿಸಿದೆ. ವಿಧವೆಯಲ್ಲದ ಹೆಂಗಸೂ ಸೊಸೆ ಬಂದ ಮೇಲೆ, ಮೊಮ್ಮಕ್ಕಳಾದ ಮೇಲೆ ಗಾಢ ಬಣ್ಣ ಉಡುವುದು, ಹೆಚ್ಚು ಅಲಂಕರಿಸಿಕೊಳ್ಳುವುದು ತರವಲ್ಲವೆಂಬ ಮಾತು ಮನೆಮನೆಯಲ್ಲಿತ್ತು. ಅಂದು ಅಲಂಕಾರ ಬಿಡು ಎಂದ ಸಮಾಜ ಇಂದು ಅಲಂಕಾರ ನಿಲ್ಲಿಸಬೇಡ ಎನ್ನುತ್ತಿದೆ. ನರೆಗೂದಲಿಗೆ ಬಣ್ಣ ಹಚ್ಚದ ಐವತ್ತರ ಮಹಿಳೆಯನ್ನು ಮದುವೆ ಮನೆಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ. ಎರಡೂ ಕಾಲದಲ್ಲಿ ಅವಳ ಮುಖ ಹೇಗಿರಬೇಕೆಂಬ ನಿರ್ಧಾರ ಅವಳ ಕೈಯಲ್ಲಿ ಪೂರ್ತಿಯಾಗಿ ಇರಲಿಲ್ಲ. ತಿಂಗಳಿಗೊಮ್ಮೆ ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ತೀಡಿಸುವುದು, ಫೇಶಿಯಲ್, ಡೈಗಳಿಂದ ಆರಂಭವಾಗುವ ಈ ದಾರಿ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಂತಹ ನಗರಗಳಲ್ಲಿ ಮಾಸಿಕ ಕಂತಿನ ಮೇಲೆ ಚಿಕಿತ್ಸೆ ನೀಡುವ ಚರ್ಮದ ಕ್ಲಿನಿಕ್ಕುಗಳವರೆಗೆ ಎಡೆಬಿಡದೆ ಸಾಗುತ್ತದೆ. ಮೊಬೈಲಿನ ಕ್ಯಾಮೆರಾ ತಾನಾಗಿಯೇ ಚರ್ಮವನ್ನು ನುಣುಪುಗೊಳಿಸುವುದರಿಂದ, ಮತ್ತು 2020ರ ಕೋವಿಡ್ ಕಾಲದಿಂದ ವಿಡಿಯೋ ಸಭೆಗಳಲ್ಲಿ ತಮ್ಮ ಮುಖವನ್ನೇ ಗಂಟೆಗಟ್ಟಲೆ ನೋಡುವ ಅಭ್ಯಾಸವಾದುದರಿಂದ, ಹೋಲಿಕೆ ಬೇರೊಬ್ಬ ಸುಂದರಿಯೊಂದಿಗಿನದಷ್ಟೇ ಅಲ್ಲದೆ ತನ್ನದೇ ತಿದ್ದಿದ ಚಿತ್ರದೊಂದಿಗಿನದೂ ಆಗಿದೆ.

ವಿಚಾರವಂತರ ಚರ್ಚೆ

ಫ್ರೆಂಚ್ ಲೇಖಕಿ ಸಿಮೋನ್ ದ ಬೊವಾ 1970ರಲ್ಲಿ ಮುಪ್ಪನ್ನು ಕುರಿತು ಬರೆದ ಬೃಹತ್ ಗ್ರಂಥದಲ್ಲಿ, ವೃದ್ಧರನ್ನು ಸಮಾಜ ಮನುಷ್ಯರೆಂದು ಕಾಣದಿರುವುದನ್ನು ವಿವರಿಸಿದಳು. 1972ರಲ್ಲಿ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ಮುಪ್ಪಿನ ಇಬ್ಬಗೆಯ ಅಳತೆಗೋಲನ್ನು ಕುರಿತ ಪ್ರಬಂಧದಲ್ಲಿ, ಗಂಡಸಿಗೆ ಹುಡುಗನ ಚೆಲುವು ಮತ್ತು ಪ್ರೌಢನ ಚೆಲುವು ಎಂಬ ಎರಡು ಮಾದರಿಗಳಿದ್ದು ಒಂದು ಕಳೆದಾಗ ಇನ್ನೊಂದಕ್ಕೆ ಸಾಗಬಹುದು, ಹೆಣ್ಣಿಗೆ ಹುಡುಗಿಯ ಚೆಲುವೊಂದೇ ಮಾದರಿಯಾದುದರಿಂದ ಪ್ರತಿ ವರ್ಷವೂ ನಷ್ಟವಾಗಿಯೇ ಅನುಭವಕ್ಕೆ ಬರುತ್ತದೆಂದು ವಾದಿಸಿದಳು. ಅಮೆರಿಕದ ಲೇಖಕಿ ನವೋಮಿ ವುಲ್ಫ್ 1990ರ ‘ದ ಬ್ಯೂಟಿ ಮಿಥ್’ನಲ್ಲಿ ಮಹಿಳೆಯರು ಕಾನೂನು ಮತ್ತು ಉದ್ಯೋಗಗಳಲ್ಲಿ ಮುಂದೆ ಬಂದಂತೆ ಸೌಂದರ್ಯದ ನಿಯಮಗಳು ಬಿಗಿಯಾದುವೆಂದಳು, ಕೆನಡಾದ ತತ್ತ್ವಶಾಸ್ತ್ರಜ್ಞೆ ಕ್ಯಾಥ್ರಿನ್ ಪಾಲಿ ಮಾರ್ಗನ್ 1991ರಲ್ಲಿ, ಚಿಕಿತ್ಸೆ ಸಾಮಾನ್ಯವಾದಂತೆ ಅದನ್ನು ನಿರಾಕರಿಸಿದವಳೇ ಅಸಹಜಳಾಗಿ ತೋರುವ ಕಾಲ ಬರುತ್ತದೆಂದು ಎಚ್ಚರಿಸಿದಳು. ಇದಕ್ಕೆ ಪ್ರತಿಯಾಗಿ ನೆದರ್‌ಲ್ಯಾಂಡ್ಸಿನಲ್ಲಿ ಚಿಕಿತ್ಸೆ ಪಡೆದವರನ್ನು ಮಾತನಾಡಿಸಿದ ಸಮಾಜಶಾಸ್ತ್ರಜ್ಞೆ ಕ್ಯಾಥಿ ಡೇವಿಸ್ 1995ರ ಗ್ರಂಥದಲ್ಲಿ, ಈ ಮಹಿಳೆಯರನ್ನು ಮೋಸಹೋದ ಮುಗ್ಧೆಯರೆಂದು ನೋಡುವುದು ಅವರಿಗೆ ಮಾಡುವ ಅಗೌರವ, ತಮ್ಮ ಬದುಕಿನ ಸಂಕಟಕ್ಕೆ ಇರುವ ಪರಿಮಿತ ದಾರಿಗಳಲ್ಲಿ ಒಂದನ್ನು ಅವರು ಅರಿವಿನಿಂದಲೇ ಆರಿಸುತ್ತಾರೆ ಎಂದಳು. ಡೇವಿಸ್‌ಳ ಮಾತಿನಲ್ಲಿ ಮಾನವೀಯತೆಯಿದೆ, ಮಾರ್ಗನ್‌ಳ ಮಾತನ್ನು ನಂತರದ ಮೂರು ದಶಕಗಳು ಬಹುಮಟ್ಟಿಗೆ ನಿಜಮಾಡಿವೆ. ಒಬ್ಬಳ ಆಯ್ಕೆಯನ್ನು ಗೌರವಿಸುತ್ತಲೇ ಎಲ್ಲರ ಆಯ್ಕೆಗಳು ಕೂಡಿ ಉಳಿದವಳ ಮೇಲೆ ಬೀಳುವ ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯವಾಗುತ್ತದೆ.

ಬ್ರೆಜಿಲ್ ಇದಕ್ಕೊಂದು ವಿಶಿಷ್ಟ ನಿದರ್ಶನ. ಪ್ರಸಿದ್ಧ ಶಸ್ತ್ರವೈದ್ಯ ಇವೊ ಪಿತಾಂಗಿ (1926–2016) ಸೌಂದರ್ಯ ಶ್ರೀಮಂತರ ಸೊತ್ತಲ್ಲ, ಬಡವರ ಹಕ್ಕೂ ಹೌದೆಂದು ಸಾರಿ, ರಿಯೊ ಡಿ ಜನೈರೊದ ಧರ್ಮಾಸ್ಪತ್ರೆಯಲ್ಲಿ ಬಡವರಿಗೆ ಚಿಕಿತ್ಸೆಯ ವ್ಯವಸ್ಥೆ ಮಾಡಿದನು. ಉದ್ದೇಶ ಸಮಾನತೆಯದಾಗಿದ್ದರೂ, ಶ್ರೀಮಂತೆಗೆ ಮಾತ್ರ ಇದ್ದ ನಿರೀಕ್ಷೆ ಮನೆಗೆಲಸದವಳಿಗೂ ಅಂಗಡಿಯ ಹುಡುಗಿಗೂ ಹರಡಿತು.

ಅಪಾಯ ಮತ್ತು ಕಾನೂನು

ಮುಖ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆಯಲ್ಲಿ ಚರ್ಮದಡಿ ರಕ್ತ ಕಟ್ಟುವುದು, ಮುಖದ ನರಕ್ಕೆ ಪೆಟ್ಟಾಗುವುದು, ಕಲೆ ಉಳಿಯುವುದು ಮುಖ್ಯ ತೊಡಕುಗಳು. ಬೊಟಾಕ್ಸ್ ಅಕ್ಕಪಕ್ಕದ ಸ್ನಾಯುವಿಗೆ ಹರಡಿದರೆ ರೆಪ್ಪೆ ಕೆಲವು ವಾರ ಜೋಲುತ್ತದೆ. ಫಿಲ್ಲರ್ ತಪ್ಪಿ ರಕ್ತನಾಳಕ್ಕೆ ಸೇರಿದರೆ ಆ ಭಾಗದ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣಿನ ದೃಷ್ಟಿಯೇ ಹೋಗಬಹುದು. ಆದುದರಿಂದ ಮುಖದ ರಕ್ತನಾಳಗಳ ಅಂಗರಚನೆ ತಿಳಿಯದವರ ಕೈಯಲ್ಲಿ ಈ ಚುಚ್ಚುಮದ್ದು ಅತ್ಯಂತ ಅಪಾಯಕಾರಿ. ಅರಿವಳಿಕೆ ಮತ್ತು ಶಸ್ತ್ರಕ್ರಿಯೆಗಳ ತೊಡಕುಗಳು ಆರೋಗ್ಯವಂತರ ಪ್ರಾಣವನ್ನೂ ತೆಗೆದಿವೆ. ನೈಜೀರಿಯಾದ ಆಗಿನ ಅಧ್ಯಕ್ಷರ ಪತ್ನಿ ಸ್ಟೆಲ್ಲಾ ಒಬಸಾಂಜೊ 2005ರಲ್ಲಿ ಸ್ಪೇನಿನಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಮುಪ್ಪಿನ ಭಯದೊಂದಿಗೆ ಬೆಸೆದುಕೊಂಡಿರುವ ತೆಳ್ಳಗಿನ ಮೈಯ ಒತ್ತಡ ಎಷ್ಟು ಎಳೆಯರನ್ನು ಮುಟ್ಟಿದೆಯೆಂಬುದನ್ನು 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಚಿಕಿತ್ಸೆಯ ಬಳಿಕ ಸಂಭವಿಸಿದ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಅವರ ಸಾವು ತೋರಿಸಿತು. ಅವರಿಗೆ ಆಗ 21 ವರ್ಷ.

ಫ್ರಾನ್ಸಿನ ಪಿಪ್ ಕಂಪನಿ ಸ್ತನದ ಇಂಪ್ಲಾಂಟುಗಳಲ್ಲಿ ಕೈಗಾರಿಕೆಯ ಸಿಲಿಕೋನ್ ತುಂಬಿ ಮಾರಿದ್ದು 2010ರಲ್ಲಿ ಬಯಲಾದ ಮೇಲೆ ಯೂರೋಪಿನ ಸರಕಾರಗಳು ಈ ಉದ್ಯಮವನ್ನು ಗಂಭೀರವಾಗಿ ಪರಿಶೀಲಿಸಿದವು. ಇಂಗ್ಲೆಂಡು 2021ರಿಂದ 18 ವರ್ಷದೊಳಗಿನವರಿಗೆ ಸೌಂದರ್ಯಕ್ಕಾಗಿ ಬೊಟಾಕ್ಸ್ ಮತ್ತು ಫಿಲ್ಲರ್ ಚುಚ್ಚುವುದನ್ನು ನಿಷೇಧಿಸಿದೆ. ದೇಹದ ಆಕಾರ ತಿದ್ದಿದ ಜಾಹೀರಾತು ಚಿತ್ರಗಳ ಮೇಲೆ ಹಾಗೆಂದು ನಮೂದಿಸಬೇಕೆಂಬ ಕಾನೂನನ್ನು ನಾರ್ವೆ 2022ರಲ್ಲಿ ಜಾರಿಗೆ ತಂದಿತು. ಭಾರತದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯಿದೆಯಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆಯ ಪಟ್ಟಿಗೆ ಅಕಾಲ ಮುಪ್ಪು, ಕೂದಲು ನರೆಯುವಿಕೆ, ಚರ್ಮದ ಬಿಳುಪುಗಳನ್ನು ಸೇರಿಸುವ ಕರಡನ್ನು ಕೇಂದ್ರ ಆರೋಗ್ಯ ಸಚಿವಾಲಯ 2020ರಲ್ಲಿ ಪ್ರಕಟಿಸಿತು. ಆರೋಗ್ಯ ವಿಮೆ ಸಾಮಾನ್ಯವಾಗಿ ಸೌಂದರ್ಯ ಚಿಕಿತ್ಸೆಯ ವೆಚ್ಚವನ್ನು ಭರಿಸುವುದಿಲ್ಲ, ಮತ್ತು ಇತರ ವೈದ್ಯಕೀಯ ಸೇವೆಗಳಿಗಿರುವ ತೆರಿಗೆ ವಿನಾಯಿತಿ ಇದಕ್ಕಿಲ್ಲ. ಸರಕು ಮತ್ತು ಸೇವಾ ತೆರಿಗೆಯ ಕಣ್ಣಿನಲ್ಲಿ ಇದು ಆರೋಗ್ಯದ ಅಗತ್ಯವಲ್ಲ.

ಈ ಕ್ರಮಗಳು ಸೂಜಿಯನ್ನು ಯಾರಿಗೆ ಚುಚ್ಚಬಹುದು, ಜಾಹೀರಾತಿನಲ್ಲಿ ಏನು ಹೇಳಬಹುದು ಎಂಬುದನ್ನು ನಿರ್ಧರಿಸುತ್ತವೆ, ಮತ್ತು ಆ ಮಟ್ಟಿಗೆ ಅವು ಪ್ರಾಣ ಉಳಿಸುವ ಕ್ರಮಗಳು. ಮಹಿಳೆಯನ್ನು ಕ್ಲಿನಿಕ್ಕಿನ ಬಾಗಿಲಿಗೆ ತಂದು ನಿಲ್ಲಿಸುವ ಕಾರಣ ಮಾತ್ರ ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಕೆನಡಾದ ಪ್ರಮುಖ ವಾರ್ತಾವಾಚಕಿ ಲೀಸಾ ಲಫ್ಲಾಮ್ ಕೋವಿಡ್ ಕಾಲದಲ್ಲಿ ಕೂದಲಿಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿ ನರೆಗೂದಲಿನಲ್ಲಿಯೇ ಸುದ್ದಿ ಓದುತ್ತಿದ್ದವರು, 2022ರಲ್ಲಿ 58ನೆಯ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡಾಗ ವಾಹಿನಿಯ ಒಡೆತನದ ಕಂಪನಿ ಅದನ್ನು ವ್ಯವಹಾರದ ನಿರ್ಧಾರವೆಂದಿತು, ಸಾರ್ವಜನಿಕರಲ್ಲಿ ಬಹುಮಂದಿ ಅದನ್ನು ನರೆಗೂದಲಿಗೆ ಸಿಕ್ಕ ಶಿಕ್ಷೆಯೆಂದು ಓದಿದರು. ನೌಕರಿಗೆ ತೆಗೆದುಕೊಳ್ಳುವಲ್ಲಿ, ಬಡ್ತಿಯಲ್ಲಿ ಮತ್ತು ವಜಾ ಮಾಡುವಲ್ಲಿ ವಯಸ್ಸು ಹಾಗೂ ಲಿಂಗ ಕೂಡಿ ಮಾಡುವ ತಾರತಮ್ಯವನ್ನು ಒಂದೇ ಅಪರಾಧವಾಗಿ ಪರಿಗಣಿಸುವ ಉದ್ಯೋಗ ಕಾನೂನನ್ನು ಈ ಕ್ಷೇತ್ರದ ವಿದ್ವಾಂಸರಲ್ಲಿ ಹಲವರು ಕೇಳುತ್ತಿದ್ದಾರೆ. ಭಾರತದ ಖಾಸಗಿ ವಲಯದ ಉದ್ಯೋಗಿಗಳಿಗೆ ವಯಸ್ಸಿನ ತಾರತಮ್ಯದ ವಿರುದ್ಧ ಅಂತಹ ಸಮಗ್ರ ಕಾನೂನು ರಕ್ಷಣೆ ಇನ್ನೂ ದೊರೆತಿಲ್ಲ.